ಧಾರವಾಡದ ಕೋಚಿಂಗ್ ಆ್ಯಪ್: ಕಣ್ಣು ಕಾಣದವರು ದುಡ್ಡು ಕಟ್ಟಬಹುದಾ?

ಸಪ್ತಾಪುರದ ಒಂದು ಕೋಚಿಂಗ್ ಸಂಸ್ಥೆಯ ಆ್ಯಪ್ ಇದು. ಹೆಸರು ಬೇಡ. ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆ ಎರಡಕ್ಕೂ ಪಾಠ ಇದೆ. ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗಳನ್ನು, ಅಂದರೆ ಫೋನಿನಲ್ಲಿ ಟಾಕ್‌ಬ್ಯಾಕ್, ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಹಾಕಿಕೊಂಡು ಹೋದ ವರ್ಷದಿಂದ ಬಳಸುತ್ತಿದ್ದೇನೆ.

ಇತಿಹಾಸದ ಪಾಠಕ್ಕೆ ಪೂರ್ತಿ ಅಂಕ. 1824ರ ಕಿತ್ತೂರು, 1858ರ ನರಗುಂದ ಎಲ್ಲಾ ಒಂದೇ ಸಲ ಕೇಳಿ ನೆನಪಿನಲ್ಲಿ ಉಳಿದವು. ಗಣಿತದ ಸರ್ ಮಾತ್ರ "ಇಲ್ಲಿ ನೋಡ್ರಿ, ಇದನ್ನ ಈ ಕಡೆ ತಗೊಂಡ್ರ ಮುಗೀತು" ಎನ್ನುತ್ತಾರೆ. ಯಾವುದನ್ನ ಸರ್, ಯಾವ ಕಡೆ? ಬೋರ್ಡಿನ ಮೇಲೆ ಬರೆಯುವುದನ್ನು ಬಾಯಲ್ಲೂ ಹೇಳಿದರೆ ಸಾಕು, ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಬರೀ ಕೇಳುವ ಹುಡುಗರಿಗೂ ಉಪಯೋಗ ಆಗುತ್ತದೆ.

ನಿಜವಾದ ತಲೆನೋವು ನೋಟ್ಸ್. ಪಿಡಿಎಫ್‌ಗಳೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿವೆ. ನೋಡುವವರಿಗೆ ಅಚ್ಚ ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಹಾಗಾಗಿ ಸ್ಕ್ರೀನ್ ರೀಡರ್ ಅದನ್ನೇ ಗೊಣಗುತ್ತದೆ, ಒಂದು ಪದವೂ ತಿಳಿಯುವುದಿಲ್ಲ. ಕೆಲವು ನೋಟ್ಸ್ ಇದಕ್ಕಿಂತಲೂ ಕಡೆ, ಪುಸ್ತಕದ ಫೋಟೋ ತೆಗೆದು ಹಾಕಿದ್ದಾರೆ, ಅಲ್ಲಿ ಪೂರ್ತಿ ಮೌನ. ಸ್ಕ್ರೀನ್ ರೀಡರ್ ಓದಬಲ್ಲ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಪುಕ್ಕಟೆ ಸಿಗುತ್ತದೆ. ಟೈಪ್ ಮಾಡಿದ ಫೈಲ್ ಅವರ ಹತ್ತಿರವೇ ಇರುತ್ತದೆ ಅಲ್ವಾ, ಸ್ವಲ್ಪ ತಿದ್ದಿದರೆ ಆಯಿತು.

ಮಾಕ್ ಟೆಸ್ಟ್‌ನಲ್ಲಿ ಮೊದಲು ನಾಲ್ಕೂ ಉತ್ತರಕ್ಕೆ "ಅನ್‌ಲೇಬಲ್ಡ್ ಬಟನ್" ಎಂದೇ ಕೇಳುತ್ತಿತ್ತು. ಸಹಾಯವಾಣಿಗೆ ಫೋನ್ ಮಾಡಿದರೆ, "ಅಕ್ಕಾರ, ಮನ್ಯಾಗ ಯಾರರ ಓದಿ ಹೇಳಂಗಿಲ್ಲೇನ್ರಿ?" ಎಂದ ಆ ಹುಡುಗ. ಪಾಪ, ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಮನೆಯಲ್ಲಿ ಓದಿ ಹೇಳುವವರಿದ್ದರೆ ನಾನು ಆ್ಯಪ್‌ಗೆ ಯಾಕೆ ದುಡ್ಡು ಕಟ್ಟುತ್ತಿದ್ದೆ! ಇಮೇಲ್‌ನಲ್ಲಿ ಯಾವ ಪುಟ, ಯಾವ ಬಟನ್ ಅಂತ ವಿವರವಾಗಿ ಬರೆದ ಮೇಲೆ ಮುಂದಿನ ಅಪ್‌ಡೇಟ್‌ನಲ್ಲಿ ಬಟನ್‌ಗಳಿಗೆ ಹೆಸರು ಬಂತು. ಅಂದರೆ ಮಾಡಲು ಬರುವ ಕೆಲಸವೇ.

ಟೈಮರ್ ಮಾತ್ರ ಹಾಗೇ ಇದೆ. ಪರೀಕ್ಷೆಯಲ್ಲಿ ಸ್ಕ್ರೈಬ್ (ಹೇಳಿದ ಉತ್ತರ ಬರೆದುಕೊಡುವವರು) ಪಡೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದು ಕೇಂದ್ರದ ಮಾರ್ಗಸೂಚಿಯಲ್ಲಿದೆ. ಇಲ್ಲಿ 60 ನಿಮಿಷ ಆದ ಕೂಡಲೇ ಟೆಸ್ಟ್ ತಾನಾಗಿ ಸಬ್‌ಮಿಟ್ ಆಗುತ್ತದೆ. 80 ನಿಮಿಷದ ಆಯ್ಕೆ ಇಲ್ಲದೆ ಆ ರ‍್ಯಾಂಕ್ ಪಟ್ಟಿ ಇಟ್ಟುಕೊಂಡು ನಾನೇನು ಮಾಡಲಿ?

ಕಿವಿ ಕೇಳದ ಗೆಳತಿಯೊಬ್ಬಳು ಗದಗಿನಿಂದ ಇದೇ ಕೋರ್ಸ್ ಸೇರಿದ್ದಳು. ವಿಡಿಯೋಗೆ ಕ್ಯಾಪ್ಷನ್ ಇಲ್ಲ. ಬಿಟ್ಟಳು.

ಐದಕ್ಕೆ ಎರಡೂವರೆ, ಅದೂ ಇತಿಹಾಸದ ಸರ್ ಮುಖ ನೋಡಿ. ಸೇರುವುದಿದ್ದರೆ ಡೆಮೊ ಕ್ಲಾಸ್ ಜೊತೆ ಒಂದು ಪಿಡಿಎಫ್, ಒಂದು ಮಾಕ್ ಟೆಸ್ಟ್ ಕೂಡ ಕೇಳಿ ಪಡೆಯಿರಿ. ಟಾಕ್‌ಬ್ಯಾಕ್ ಹಾಕಿ ಓದಿಸಿ ನೋಡಿ, ಆಮೇಲೆ ದುಡ್ಡು ಕಟ್ಟಿ.