ಮಳೆ ಸಂಜೆಗೆ ಯಾವುದು: ‘ಅಟೋನ್‌ಮೆಂಟ್’ ಅಥವಾ ‘ದಿ ಇಂಗ್ಲಿಷ್ ಪೇಷಂಟ್’?

ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಬೇಗ ಬಿಡುವುದಿಲ್ಲ. ಇಂಥ ಸಂಜೆಗೆ ಎರಡನೇ ಮಹಾಯುದ್ಧದ ಪ್ರೇಮಕಥೆಯ ಸಿನಿಮಾ ಹುಡುಕುತ್ತಿದ್ದೀರಾ? ನನ್ನ ಓಟು ಮೊದಲನೆಯದಕ್ಕೆ.

‘ಅಟೋನ್‌ಮೆಂಟ್’ (2007) ಕಿವಿಯಿಂದಲೇ ಶುರುವಾಗುತ್ತದೆ. ಟೈಪ್‌ರೈಟರಿನ ಟಕಟಕ ಸದ್ದೇ ತಾಳವಾಗಿ ಪಿಯಾನೊ ಜೊತೆ ಸೇರುತ್ತದೆ. ಬರೆಯುವ ಹುಡುಗಿಯೊಬ್ಬಳು ಇಬ್ಬರ ಬದುಕು ಕೆಡಿಸುವ ಕಥೆ ಇದು, ಹಾಗಾಗಿ ಆ ಸದ್ದು ಸುಮ್ನೆ ಅಲಂಕಾರಕ್ಕಲ್ಲ. ಡಾರಿಯೊ ಮರಿಯನೆಲ್ಲಿಗೆ ಈ ಸಂಗೀತಕ್ಕೆ ಆಸ್ಕರ್ ಬಂತು. ನಾಯಕಿಯ ಹಸಿರು ರೇಷ್ಮೆ ಉಡುಪು ಕಣ್ಣಿನಿಂದ ಹೋಗುವುದೇ ಇಲ್ಲ. ಆಮೇಲೆ ಫ್ರಾನ್ಸಿನ ಡಂಕರ್ಕ್ ಕಡಲತೀರ. ಸುಮಾರು 5 ನಿಮಿಷ ಒಂದೂ ಕಟ್ ಇಲ್ಲ! ಕ್ಯಾಮೆರಾ ಸೋತ ಸೈನಿಕರ ನಡುವೆ ಸಾಗುತ್ತಲೇ ಇರುತ್ತದೆ. ಕುದುರೆಗಳಿಗೆ ಗುಂಡು ಹೊಡೆಯುತ್ತಾರೆ. ಒಂದು ಗುಂಪು ಪ್ರಾರ್ಥನೆ ಹಾಡುತ್ತದೆ, ಹಿನ್ನೆಲೆ ಸಂಗೀತ ಅದರೊಳಗೇ ಬೆರೆಯುತ್ತದೆ. ಅಲ್ಲಿ ನಾನು ಅತ್ತಿದ್ದೇನೆ.

‘ದಿ ಇಂಗ್ಲಿಷ್ ಪೇಷಂಟ್’ (1996) ನಿಧಾನದ್ದು, ಎರಡೂವರೆ ಗಂಟೆಗೂ ಜಾಸ್ತಿ. ಜಾನ್ ಸೀಲ್ ಕ್ಯಾಮೆರಾದಲ್ಲಿ ಮರಳ ದಿಬ್ಬಗಳು ಮಲಗಿದ ಮೈಯ ಹಾಗೆ ಕಾಣುತ್ತವೆ. ಜೊತೆಗೆ ಹಂಗೇರಿಯ ಜಾನಪದ ಹಾಡು. ಚರ್ಚಿನ ಕತ್ತಲಲ್ಲಿ ನರ್ಸ್ ಹಗ್ಗದಲ್ಲಿ ತೂಗುತ್ತಾ ಗೋಡೆ ಚಿತ್ರ ನೋಡುವ ದೃಶ್ಯ ಇದೆಯಲ್ಲ, ಅದೊಂದಕ್ಕೇ ನೋಡಬಹುದು.

ಇದರ ಗೇಬ್ರಿಯಲ್ ಯಾರೆಡ್ ಸಂಗೀತ ಮಾತ್ರ ಮೆಲುದನಿಯದು. ಹೆಂಚಿನ ಮೇಲೆ ಮಳೆ ಜೋರಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ, ಇಲ್ಲವೇ ಮಳೆ ನಿಂತ ರಾತ್ರಿಗೆ ಇಟ್ಟುಕೊಳ್ಳಿ.