ಎತ್ತರಿಸಿದ ಪಿಕಪ್‌ನ ಹಿಂದಿನ ಬ್ರೇಕ್: ಸರಳೋ, ತಿರುಪೋ?

ಪಿಕಪ್ಪನ್ನು ಮೂರು ಇಂಚು ಎತ್ತರಿಸಿ, ಟೈರನ್ನು 29ರಿಂದ 33 ಇಂಚಿಗೆ ಏರಿಸಿದ ಮೇಲೆ ಗಾಡಿ ನಿಲ್ಲುವ ರೀತಿಯೇ ಬದಲಾಯಿತು. ನಿಲ್ಲುತ್ತಿತ್ತು, ಆದರೆ ಮೂಗು ತಗ್ಗಿಸಿ ನೆಲಕ್ಕೆ ನಮಸ್ಕಾರ ಹಾಕಿದಂತೆ. ಒಂದು ದಿನ ಉದ್ದದ ಇಳಿಜಾರು ಇಳಿದು ಬಂದು ಚಕ್ರಗಳ ಬಳಿ ಅಂಗೈ ಹಿಡಿದು ನೋಡಿದೆ. ಮುಂದಿನ ಡಿಸ್ಕ್‌ಗಳ ಹತ್ತಿರ ಕೈ ಇಡಲಾಗದಷ್ಟು ಝಳ. ಹಿಂದಿನ ಡ್ರಮ್ ಮಾತ್ರ ಉಗುರುಬೆಚ್ಚಗೆ ಕೂತಿತ್ತು. ಇಡೀ ಇಳಿಜಾರಿನಲ್ಲಿ ಅದು ದುಡಿದೇ ಇರಲಿಲ್ಲ.

ಕಾರಣ ಚಾಸಿಗೆ ಕಚ್ಚಿಕೊಂಡಿರುವ ಒಂದು ಪುಟ್ಟ ಕವಾಟ. ಅದರಿಂದ ಹೊರಟ ಸರಳು ಹಿಂದಿನ ಆಕ್ಸಲ್‌ಗೆ ಸೇರುತ್ತದೆ. ಹಿಂದೆ ಭಾರ ಹೇರಿದರೆ ಚಾಸಿ ಕುಸಿಯುತ್ತದೆ, ಸರಳಿನ ತುದಿ ಮೇಲೇರುತ್ತದೆ, ಕವಾಟ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿ ಗಾಡಿಯಲ್ಲಿ ಇದಕ್ಕೆ ತದ್ವಿರುದ್ಧ. ನಾವು ಸ್ಪ್ರಿಂಗ್ ಎತ್ತರಿಸಿದಾಗ ಚಾಸಿಗೂ ಆಕ್ಸಲ್‌ಗೂ ಅಂತರ ಹೆಚ್ಚಿ ಸರಳು ಜೋತುಬೀಳುತ್ತದೆ. ಆಮೇಲೆ ಎಷ್ಟು ಸಾಮಾನು ತುಂಬಿದರೂ ಕವಾಟದ ಲೆಕ್ಕದಲ್ಲಿ ಗಾಡಿ ಖಾಲಿಯೇ.

ಕವಾಟವನ್ನೇ ಕಿತ್ತುಹಾಕಿ ನೇರ ಪೈಪು ಕೊಟ್ಟುಬಿಡಿ ಎನ್ನುವವರ ಮಾತನ್ನು ನಾನೂ ಕೇಳಿದೆ. ಜನರಿಲ್ಲದ ಒದ್ದೆ ಜಲ್ಲಿ ಬಯಲಿನಲ್ಲಿ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ, ಮೊಬೈಲನ್ನು ಹಿಂದಿನ ಚಕ್ರದತ್ತ ತಿರುಗಿಸಿ ಕಟ್ಟಿ ಬ್ರೇಕ್ ಒತ್ತಿದೆ. ಹಿಂದಿನ ಚಕ್ರಗಳು ತಕ್ಷಣ ಜಾಮ್ ಆದವು, ಗಾಡಿ ಅಡ್ಡ ತಿರುಗಿತು. ಉರುಳದ ಚಕ್ರಕ್ಕೆ ಪಕ್ಕದ ಹಿಡಿತ ಉಳಿಯುವುದಿಲ್ಲ. ಹಿಂಬದಿ ಮುಂದಕ್ಕೆ ಬರಲು ಹವಣಿಸುತ್ತದೆ. ಮುಂದಿನ ಚಕ್ರ ಮೊದಲು ಜಾಮ್ ಆದರೆ ಗಾಡಿ ನೇರಕ್ಕಾದರೂ ಜಾರುತ್ತದೆ. ಈ ದಾರಿಯ ಬಗ್ಗೆ ನನ್ನ ತಕರಾರು ಇಷ್ಟೇ: ಇದು ದಾರಿಯಲ್ಲ.

ಎರಡನೆಯದು ಕೈಯಿಂದ ತಿರುಗಿಸುವ ಕವಾಟ. ಹಳೆಯದನ್ನು ತೆಗೆದು ಹಿಂದಿನ ಸಾಲಿನಲ್ಲಿ, ಅಂದರೆ ಹಿಂದಿನ ಬ್ರೇಕಿಗೆ ಹೋಗುವ ಪೈಪಿನಲ್ಲಿ, ಇದನ್ನು ಕೂರಿಸಬೇಕು. ಮುಂದಿನ ಸಾಲಿಗೆ ಯಾವತ್ತೂ ಬೇಡ. ಹಳೆಯ ಕವಾಟವನ್ನು ಉಳಿಸಿಕೊಂಡು ಅದರ ಜೊತೆಗೂ ಬೇಡ. ಸಾಧಾರಣ ಒತ್ತಡದವರೆಗೆ ಮುಂದಕ್ಕೂ ಹಿಂದಕ್ಕೂ ಒಂದೇ ಪಾಲು. ನಿಗದಿ ಮಾಡಿದ ಹಂತ ದಾಟಿದ ಮೇಲೆ ಹಿಂದಿನ ಒತ್ತಡ ನಿಧಾನವಾಗಿ ಏರುತ್ತದೆ. ಆ ಹಂತ ಎಲ್ಲಿ ಎಂಬುದನ್ನು ತಿರುಪು ನಿರ್ಧರಿಸುತ್ತದೆ. ಬ್ರೇಕ್ ಬಿಡಿಭಾಗ ತಯಾರಿಸುವ ವಿಲ್‌ವುಡ್ ಕಂಪನಿಯ ಕವಾಟದಲ್ಲಿ ಅದನ್ನು 100ರಿಂದ 1000 ಪಿಎಸ್‌ಐವರೆಗೆ (ಚದರ ಇಂಚಿಗೆ ಪೌಂಡ್ ಲೆಕ್ಕದ ಒತ್ತಡ) ಸರಿಸಬಹುದು. ಒತ್ತಡದಲ್ಲಿ ಗರಿಷ್ಠ ಕಡಿತ ಶೇ 57. ಹಲವರು ತಪ್ಪು ತಿಳಿಯುವುದು ಇಲ್ಲಿಯೇ. ತಿರುಪು ಒತ್ತಡವನ್ನು ತಗ್ಗಿಸಬಲ್ಲದು, ಹೆಚ್ಚಿಸಲಾರದು. ಪೂರ್ತಿ ತೆರೆದಾಗಲೂ ಹಿಂದಿನ ಬ್ರೇಕ್ ಹಿಡಿಯದಿದ್ದರೆ ದೋಷ ಬೇರೆಡೆ ಇದೆ.

ಹೊಂದಿಸುವ ಸುಖ ಮಾತ್ರ ಇದರದೇ. ಅರ್ಧ ಸುತ್ತು ತಿರುಗಿಸು, ಓಡಿಸು, ವಿಡಿಯೋ ನೋಡು. ಒಂದು ಮಧ್ಯಾಹ್ನದೊಳಗೆ ಮುಂದಿನ ಚಕ್ರ ಮೊದಲು, ಹಿಂದಿನದು ಕೂದಲೆಳೆಯಷ್ಟು ತಡವಾಗಿ ಜಾಮ್ ಆಗುವಂತೆ ತಂದೆ. ಐದು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಒಮ್ಮೆ ಡೇರೆ, ನೀರಿನ ಕ್ಯಾನು, ಎರಡು ಸ್ಟೆಪ್ನಿ ಹೇರಿಕೊಂಡು ಹೊರಟಾಗ ಹಿಂದಿನ ಬ್ರೇಕ್ ಹೆಚ್ಚು ಹಿಡಿಯಲೆಂದು ತಿರುಪನ್ನು ಒಂದೂವರೆ ಸುತ್ತು ಒಳಕ್ಕೆ ತಿರುಗಿಸಿದೆ. ಮರಳಿ ಬಂದು ಸಾಮಾನು ಇಳಿಸಿದೆ, ತಿರುಪನ್ನು ಮರೆತೆ. ಮೂರನೆಯ ದಿನ ಮಳೆಯಲ್ಲಿ ಖಾಲಿ ಗಾಡಿ. ಎದುರಿನವನು ನಿಂತ, ನಾನು ಪೆಡಲ್ ಒತ್ತಿದೆ, ಪಕ್ಕದ ಕಿಟಕಿಯಲ್ಲಿ ರಸ್ತೆ ಕಂಡಿತು. ಯಾರಿಗೂ ತಾಗಲಿಲ್ಲ. ತಪ್ಪು ಕವಾಟದ್ದಲ್ಲ, ನನ್ನದು. ಆದರೆ ನಾನು ಮರೆಯುವವನು ಎಂಬುದೂ ಲೆಕ್ಕಕ್ಕೆ ಸೇರಬೇಕಲ್ಲ.

ಹಳೆಯ ಟೊಯೋಟಾ ಪಿಕಪ್‌ಗಳವರಿಗೆ ಇನ್ನೊಂದು ಮಾತು. ಅವುಗಳ ಮೂಲ ಕವಾಟಕ್ಕೆ ಮುಂದಿನ ಬ್ರೇಕಿನಿಂದಲೂ ಒಂದು ಪೈಪು ಬರುತ್ತದೆ. ಮುಂದಿನ ಸಾಲು ಒಡೆದರೆ ಹಿಂದಕ್ಕೆ ಪೂರ್ಣ ಒತ್ತಡ ಬಿಡುವ ವ್ಯವಸ್ಥೆ ಅದು. ಕವಾಟದ ಜೊತೆ ಆ ರಕ್ಷಣೆಯೂ ಹೋಗುತ್ತದೆ, ಪೈಪಿನ ಬಾಯಿಯನ್ನೂ ಸರಿಯಾಗಿ ಮುಚ್ಚಬೇಕು.

ಮೂರನೆಯ ದಾರಿಯಲ್ಲಿ ಮೂಲ ಕವಾಟವನ್ನೇ ಮತ್ತೆ ಕೂರಿಸಿ, ಆಕ್ಸಲ್ ಕಡೆಯ ಬ್ರಾಕೆಟನ್ನು ಎತ್ತರಿಸಿದೆ. ಮೂರು ಇಂಚು ಎಂದರೆ ಸುಮಾರು 75 ಮಿಲಿಮೀಟರ್. ಅಷ್ಟೇ ಎತ್ತರಿಸಿದರೆ ಸರಳು ಮೊದಲಿನ ಜಾಗಕ್ಕೆ ಬರುತ್ತದೆ. ಆದರೂ ಬಯಲಿನಲ್ಲಿ ಹಿಂದಿನ ಚಕ್ರ ಅವಸರ ಮಾಡಿತು. ಯೋಚಿಸಿದರೆ ಸಹಜವೇ: ಎತ್ತರದ ಗಾಡಿಯ ಭಾರ ಬ್ರೇಕ್ ಹಾಕಿದಾಗ ಮೊದಲಿಗಿಂತ ಹೆಚ್ಚು ಮುಂದಕ್ಕೆ ವಾಲುತ್ತದೆ, ಹಿಂಬದಿ ಹಗುರಾಗುತ್ತದೆ. ದಪ್ಪ ಪಟ್ಟಿಯಲ್ಲಿ ಹತ್ತು ಮಿಲಿಮೀಟರಿಗೊಂದು ತೂತು ಕೊರೆದು ಹೊಸ ಬ್ರಾಕೆಟ್ ಮಾಡಿಕೊಂಡೆ. 65ರ ತೂತಿನಲ್ಲಿ ಸರಿಹೋಯಿತು. ತಿರುಪಿನಷ್ಟು ನಯವಾದ ಹೊಂದಾಣಿಕೆ ಇಲ್ಲ, ಪ್ರತಿ ಬಾರಿಯೂ ಗಾಡಿಯ ಕೆಳಗೆ ಅಂಗಾತ ಮಲಗಬೇಕು, ಕಣ್ಣಿಗೆ ಮಣ್ಣು ಬೀಳುತ್ತದೆ. ಆದರೆ ಸಾಮಾನು ಹೇರಿದಾಗ ಅದಕ್ಕೆ ತಾನಾಗಿ ಗೊತ್ತಾಗುತ್ತದೆ, ಇಳಿಸಿದಾಗಲೂ.

ಈ ಹೋಲಿಕೆಗೆ ಕೂರುವ ಮುನ್ನವೇ ನಾನು ಮಾಡಬೇಕಾಗಿದ್ದ ಕೆಲಸವೊಂದಿತ್ತು. ಡ್ರಮ್ಮಿನ ಒಳಮೈಗೆ ಒತ್ತಿ ಚಕ್ರ ನಿಲ್ಲಿಸುವ ಶೂಗಳು ಸವೆದು ದೂರ ಸರಿದಿದ್ದವು. ಹಿಂಬದಿಯ ತಟ್ಟೆಯ ಕಿಂಡಿಯಲ್ಲಿ ಸ್ಕ್ರೂಡ್ರೈವರ್ ತೂರಿಸಿ ಶೂಗಳನ್ನು ಡ್ರಮ್ಮಿನ ಹತ್ತಿರ ತರುವ ಹಲ್ಲುಚಕ್ರವನ್ನು ತಿರುಗಿಸಿ, ಚಕ್ರ ಕೈಯಲ್ಲಿ ಸುತ್ತಿಸಿದರೆ ಸಣ್ಣಗೆ ಸವರುವ ಸದ್ದು ಬರುವವರೆಗೆ ತಂದಾಗ ಪೆಡಲ್ ಎರಡು ಬೆರಳಷ್ಟು ಮೇಲೆ ಬಂತು. ಅದಕ್ಕೆ ಮುಂಚಿನ ನನ್ನ ತಿರುಪಿನ ಪ್ರಯೋಗಗಳೆಲ್ಲ ನೀರಿನ ಮೇಲಿನ ಬರಹ. ದೊಡ್ಡ ಟೈರಿನ ಪರಿಣಾಮವನ್ನಂತೂ ಯಾವ ಕವಾಟವೂ ನೀಗಿಸುವುದಿಲ್ಲ: 29ರಿಂದ 33ಕ್ಕೆ ಹೋದರೆ ಅದೇ ಒತ್ತಡಕ್ಕೆ ನೆಲದ ಮೇಲಿನ ಬ್ರೇಕ್ ಬಲ ಸುಮಾರು ಶೇ 12 ಇಳಿಯುತ್ತದೆ, ನಾಲ್ಕೂ ಚಕ್ರಗಳಲ್ಲಿ. ಚಕ್ರ ಜಾಮ್ ಆಗದಂತೆ ತಾನೇ ತಡೆಯುವ ಎಬಿಎಸ್ ಇರುವ ಗಾಡಿಯಲ್ಲಿ ಈ ಕೈಚಳಕ ಯಾವುದೂ ಬೇಡ.

ಮೂಲ ಕವಾಟ ಉಳಿಸಿಕೊಳ್ಳುವವರು ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಯುವಾಗ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲನ್ನು ಜೋತುಬಿಡಬಾರದು. ನಾನು ಹಾಗೆ ಮಾಡಿ ಅರ್ಧ ಲೀಟರ್ ಬ್ರೇಕ್ ಆಯಿಲ್ ಸುರಿದರೂ ಪೆಡಲ್ ಮೆತ್ತಗೇ ಇತ್ತು. ಸರಳು ಕೆಳಗಿಳಿದು ಕವಾಟ ಹಿಂದಿನ ಸಾಲನ್ನು ಬಿಗಿಹಿಡಿದಿತ್ತು. ಸರಳನ್ನು ತಂತಿಯಿಂದ ಮೇಲೆತ್ತಿ ಚಾಸಿಗೆ ಕಟ್ಟಿದೆ. ಎರಡನೆಯ ಒತ್ತಿಗೆ ಗುಳ್ಳೆಗಳು ಬುಳಬುಳ ಹೊರಬಂದವು.