ವಿಎಸ್‌ಕೋಡಿಯಂನಲ್ಲಿ ಬರೆದು ಸ್ಪೈಡರ್‌ನಲ್ಲಿ ರನ್ ಮಾಡುವುದು: ಜೋಡಿ ಹೊಂದುತ್ತದೆಯೇ?

ಕೋಡ್ ಎಡಿಟರ್ ವಿಎಸ್‌ಕೋಡಿಯಂ (ಮೈಕ್ರೋಸಾಫ್ಟಿನ ವಿಎಸ್ ಕೋಡ್‌ನ ಮುಕ್ತ ರೂಪ), ಪೈಥಾನ್‌ನಲ್ಲಿ ಡೇಟಾ ಕೆಲಸ ಮಾಡುವವರ ಸಾಧನ ಸ್ಪೈಡರ್, ಎರಡೂ ಓಪನ್ ಸೋರ್ಸ್. ಇವನ್ನು ಬೆಸೆಯಲು ಯಾವ ಎಕ್ಸ್‌ಟೆನ್ಶನ್ ಕೂಡ ಬೇಡ. ಎರಡಕ್ಕೂ ಒಂದೇ ಫೈಲು, ಒಂದೇ ಪೈಥಾನ್ ಎನ್ವಿರಾನ್‌ಮೆಂಟ್ (ಪೈಥಾನ್ ಮತ್ತು ಅದರ ಪ್ಯಾಕೇಜುಗಳ ಪ್ರತ್ಯೇಕ ಕಟ್ಟು) ತೋರಿಸಿದರಾಯಿತು. ಹತ್ತಾರು ಫೈಲುಗಳನ್ನು ತಿದ್ದುವುದು, ಗಿಟ್ (ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ) ಕೆಲಸ ಕೋಡಿಯಂನಲ್ಲಿ ಸಲೀಸು. ರನ್ ಆದಮೇಲೆ ಡೇಟಾಫ್ರೇಮ್ (ಕೋಷ್ಟಕ ರೂಪದ ಡೇಟಾ) ತೆರೆದು ನೋಡಲು, ಅಲ್ಲೇ ಒಂದು ಅಂಕಿ ಬದಲಿಸಲು ಮಾತ್ರ ಸ್ಪೈಡರ್‌ನ ವೇರಿಯಬಲ್ ಎಕ್ಸ್‌ಪ್ಲೋರರೇ ಮೇಲು.

ಹೆಚ್ಚಿನವರು ಮುಗ್ಗರಿಸುವುದು ಸ್ಪೈಡರ್‌ನ ಕನ್ಸೋಲ್ (ಕೋಡ್ ರನ್ ಆಗುವ ಕಿಟಕಿ) ಏಳುವ ಹೊತ್ತಿಗೇ. ಪ್ರಾಜೆಕ್ಟಿನ ಎನ್ವಿರಾನ್‌ಮೆಂಟಿನೊಳಗೆ ಕನ್ಸೋಲನ್ನು ನಡೆಸುವ ಸ್ಪೈಡರ್-ಕರ್ನೆಲ್ಸ್ ಪ್ಯಾಕೇಜ್ ಇರಬೇಕು, ಅದರ ಆವೃತ್ತಿ ಸ್ಪೈಡರ್‌ಗೆ ಹೊಂದಬೇಕು: ಸ್ಪೈಡರ್ 6.0ಕ್ಕೆ 3.0 ಸರಣಿ, 5.4ಕ್ಕೆ 2.4 ಸರಣಿ. ಆವೃತ್ತಿ ಹೇಳದೆ ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ತರುವ ಸಾಧನ) ಇನ್‌ಸ್ಟಾಲ್ ಮಾಡಿದರೆ ಹೊಸದೇ ಬಂದು ಕೂರುತ್ತದೆ, ಹಳೆಯ ಸ್ಪೈಡರ್ ಅದನ್ನು ಒಪ್ಪುವುದಿಲ್ಲ. ಕನ್ಸೋಲಿನಲ್ಲಿ ಬರುವ ಎರರ್ ಮೆಸೇಜಿನಲ್ಲೇ ಸರಿಯಾದ ಕಮಾಂಡ್ ಇರುತ್ತದೆ. ಓದುವ ತಾಳ್ಮೆ ಬೇಕಷ್ಟೆ. ಬಳಿಕ ಪ್ರಿಫರೆನ್ಸಸ್‌ನ ಪೈಥಾನ್ ಇಂಟರ್‌ಪ್ರಿಟರ್ ಪುಟದಲ್ಲಿ ಆ ಎನ್ವಿರಾನ್‌ಮೆಂಟಿನ ಪೈಥಾನ್ ಆರಿಸಿ, ಹೊಸ ಕನ್ಸೋಲ್ ತೆರೆಯಿರಿ.

ಕೋಡಿಯಂ ಕಡೆ ಆಟೋ ಸೇವ್ ಅನ್ನು ‘ಆನ್ ವಿಂಡೋ ಚೇಂಜ್’ಗೆ ಇಡಿ. ಕಿಟಕಿ ಬದಲಿಸಿದ ಕೂಡಲೇ ಫೈಲು ಸೇವ್ ಆಗುತ್ತದೆ, ಸ್ಪೈಡರ್ ತಾನೇ ಅದನ್ನು ಮತ್ತೆ ಓದಿಕೊಳ್ಳುತ್ತದೆ. ಸ್ಪೈಡರ್‌ನಲ್ಲೂ ಅದೇ ಫೈಲಿಗೆ ಕೈಹಾಕಿ ಸೇವ್ ಮಾಡದೆ ಬಿಟ್ಟಿದ್ದರೆ, ಯಾವುದನ್ನು ಉಳಿಸಲಿ ಎಂದು ಕೇಳುತ್ತದೆ. ಅವಸರದಲ್ಲಿ ಒತ್ತಿದರೆ ಒಂದು ಕಡೆಯ ಕೆಲಸ ಹೋಯಿತು! ತಿದ್ದುವುದು ಒಂದೇ ಕಡೆ ಎಂದು ಗೆರೆ ಎಳೆದುಕೊಳ್ಳಿ. # %% ಎಂದು ಗುರುತಿಸಿದ ಸೆಲ್‌ಗಳು (ಒಂದೊಂದಾಗಿ ರನ್ ಮಾಡಬಹುದಾದ ಕೋಡಿನ ತುಂಡುಗಳು) ಎರಡಕ್ಕೂ ಅರ್ಥವಾಗುತ್ತವೆ (ಕೋಡಿಯಂನಲ್ಲಿ ಇದಕ್ಕೆ ಮಾತ್ರ ಜುಪಿಟರ್ ಎಕ್ಸ್‌ಟೆನ್ಶನ್ ಬೇಕು), ಅದೊಂದು ನೆಮ್ಮದಿ.

ಇನ್ನೊಂದು ತೊಡಕು ವರ್ಕಿಂಗ್ ಡೈರೆಕ್ಟರಿಯದು, ಅಂದರೆ ಪ್ರೋಗ್ರಾಂ ಫೈಲುಗಳನ್ನು ಹುಡುಕುವ ಫೋಲ್ಡರಿನದು. ಸ್ಪೈಡರ್ ಡಿಫಾಲ್ಟಾಗಿ ರನ್ ಆಗುವ ಫೈಲು ಇರುವ ಫೋಲ್ಡರಿಗೇ ಹೋಗುತ್ತದೆ. ಕೋಡಿಯಂನ ಟರ್ಮಿನಲ್ ಪ್ರಾಜೆಕ್ಟಿನ ಬುಡದಲ್ಲಿ ನಿಂತಿರುತ್ತದೆ. ಹಾಗಾಗಿ ಇಲ್ಲಿ ಸಿಕ್ಕ ಸಿಎಸ್‌ವಿ ಅಲ್ಲಿ ‘ಫೈಲ್ ನಾಟ್ ಫೌಂಡ್’. ಸ್ಪೈಡರ್‌ನ ರನ್ ಕಾನ್ಫಿಗರೇಶನ್‌ನಲ್ಲಿ ಪ್ರಾಜೆಕ್ಟ್ ಫೋಲ್ಡರನ್ನೇ ಕೊಟ್ಟರೆ ಸರಿಹೋಗುತ್ತದೆ.

ಸ್ಪೈಡರ್‌ನ ಯೂಸರ್ ಮಾಡ್ಯೂಲ್ ರೀಲೋಡರ್ ತುಂಬಾ ಉಪಕಾರಿ: ನೀವು ಬರೆದ ಮಾಡ್ಯೂಲ್ ಕೋಡಿಯಂನಲ್ಲಿ ಬದಲಾದರೆ, ಮುಂದಿನ ಬಾರಿ ಫೈಲ್ ರನ್ ಮಾಡುವಾಗ ಹೊಸದೇ ಇಂಪೋರ್ಟ್ ಆಗುತ್ತದೆ. ಕನ್ಸೋಲಿನಲ್ಲಿ ಮೊದಲೇ ಸೃಷ್ಟಿಯಾದ ಆಬ್ಜೆಕ್ಟುಗಳು ಮಾತ್ರ ಹಳೆಯ ಕ್ಲಾಸಿಗೇ ಅಂಟಿಕೊಂಡಿರುತ್ತವೆ. ಆಬ್ಜೆಕ್ಟು ಯಾವ ಕ್ಲಾಸಿನದು ಎಂದು ಪರೀಕ್ಷಿಸುವ ‘ಇಸ್‌ಇನ್‌ಸ್ಟನ್ಸ್’ ಕಾರಣವಿಲ್ಲದೆ ‘ಫಾಲ್ಸ್’ ಎನ್ನತೊಡಗಿದರೆ ಕರ್ನೆಲ್ (ಕನ್ಸೋಲಿನ ಹಿಂದೆ ಓಡುವ ಪೈಥಾನ್) ರೀಸ್ಟಾರ್ಟ್ ಮಾಡಿ.

ಬ್ರೇಕ್‌ಪಾಯಿಂಟ್‌ಗಳು (ತಪ್ಪು ಹುಡುಕಲು ಕೋಡನ್ನು ನಿಲ್ಲಿಸುವ ಗುರುತುಗಳು) ಆಚೀಚೆ ದಾಟುವುದಿಲ್ಲ. ಡೀಬಗ್ ಒಂದೇ ಕಡೆ ಇರಲಿ. ಕೋಡಿಯಂನಲ್ಲಿ ಪೈಥಾನ್ ಬರೆಯಲು ನೆರವಾಗುವ ಪೈಲಾನ್ಸ್ ಎಕ್ಸ್‌ಟೆನ್ಶನ್ ಸಿಗುವುದಿಲ್ಲ, ಅದರ ಲೈಸೆನ್ಸ್ ಮೈಕ್ರೋಸಾಫ್ಟ್ ಉತ್ಪನ್ನಗಳಿಗಷ್ಟೇ. ಕೋಡಿಯಂ ಬಳಸುವ ಎಕ್ಸ್‌ಟೆನ್ಶನ್ ಭಂಡಾರ ಓಪನ್ ವಿಎಸ್‌ಎಕ್ಸ್‌ನಲ್ಲಿರುವ ಬೇಸ್ಡ್‌ಪೈರೈಟ್ ಆ ಜಾಗ ಚೆನ್ನಾಗಿಯೇ ತುಂಬುತ್ತದೆ.

ಡೇಟಾ ವಿಶ್ಲೇಷಣೆಯವರು ಈ ಜೋಡಿಯನ್ನು ಧಾರಾಳವಾಗಿ ಹಿಡಿಯಬಹುದು. ವೆಬ್ ಸರ್ವರ್ ಬರೆಯುವವರಿಗೆ ಕೋಡಿಯಂ ಒಂದೇ ಸಾಕು, ಸ್ಪೈಡರ್ ಬರೀ ಮೆಮೊರಿ ತಿನ್ನುತ್ತದೆ.